ಅಗ್ಗದ ರೀಲು, ಉಪ್ಪು ನೀರು

(ನಮ್ಮ ಕೂಟದ ಚಳಿಗಾಲದ ಪಿಕ್ನಿಕ್ಕಿನಲ್ಲಿ ಆಡಿದ ಮಾತಿನ ಬರಹರೂಪ)

ನಾನು ಭಾಷಣ ಮಾಡುವವನಲ್ಲ. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಬಂದವನು. ಮೈಕಿಗಿಂತ ಟೆಸ್ಟರ್ ಹಿಡಿದೇ ಅಭ್ಯಾಸ. ಆದರೆ ಕಾರ್ಯದರ್ಶಿಗಳು "ಶುಕ್ರವಾರ ಆದ್ರೆ ಸಾಕು ಗಾಳ ಹಿಡ್ಕೊಂಡು ಹೋಗ್ತೀಯಲ್ಲ, ಅದರ ಬಗ್ಗೆಯೇ ಹೇಳು ಮಾರಾಯ" ಅಂದ್ರು. ನಿಮ್ಮಲ್ಲೂ ಸುಮಾರು ಜನ ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: "ಕಡಿಮೆ ದುಡ್ಡಿಗೆ ಯಾವ ರೀಲು ತಗೊಳ್ಳಲಿ?" ಎಲ್ಲರಿಗೂ ಒಟ್ಟಿಗೆ ಇಲ್ಲೇ ಹೇಳಿಬಿಡ್ತೇನೆ.

ನಾನು ಕುಂದಾಪುರದ ಕಡೆಯವನು. ಗಂಗೊಳ್ಳಿ ಅಳಿವೆಯ ಹತ್ತಿರ ಹುಟ್ಟಿದವರಿಗೆ ಗಾಳ ಹೊಸತಲ್ಲ. ಅಲ್ಲಿ ಒಂದು ಮರದ ತುಂಡಿಗೆ ತಂಗೂಸಿ ಸುತ್ತಿ, ಕೈಯಲ್ಲೇ ಬೀಸಿ ಎಸೆದರೆ ಮುಗೀತು. ರೀಲು ಗೀಲು ಏನಿಲ್ಲ. ಇಲ್ಲಿಯ ದಡದಲ್ಲಿ ಅದು ನಡೆಯುವುದಿಲ್ಲ. ನೀರು ದೂರದವರೆಗೆ ಮೊಣಕಾಲುದ್ದ, ಮೀನು ಇರುವುದು ಅದರಾಚೆ. ಐವತ್ತು ಅರವತ್ತು ಮೀಟರು ದೂರ ಎಸೀಬೇಕು ಅಂದ್ರೆ ರಾಡು ಬೇಕು, ರೀಲು ಬೇಕು. ಕಲಬುರಗಿ, ಬಳ್ಳಾರಿ ಕಡೆಯ ಅಣ್ಣಂದಿರಿಗೆ ಸಮುದ್ರವೇ ಹೊಸತು, ಅವರಿಗೆ ಒಂದು ಲಾಭ ಉಂಟು: ಮರೆಯಬೇಕಾದ ಹಳೇ ಅಭ್ಯಾಸ ಇಲ್ಲ.

ಹತ್ತು ದಿನಾರ್ ಅಂದ್ರೆ ಊರಿನಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. ಮಗುವಿನ ಟ್ಯೂಷನ್ ಫೀಸೋ, ಅಮ್ಮನ ಬಿಪಿ ಮಾತ್ರೆಯೋ ಅದರಲ್ಲಿ ಬರ್ತದೆ. ಹಾಗಾಗಿ ಇದನ್ನು ಶೋಕಿ ಅಂತ ನಾನು ಮಾತಾಡುವುದಿಲ್ಲ. ನಮ್ಮ ಕ್ಯಾಂಪಿನ ಒಬ್ಬರು ರಾಡು, ರೀಲು, ತಂಗೂಸಿ ಎಲ್ಲ ಸೇರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಐದು ದಿನಾರಿನ ಸೆಟ್ಟು ತಗೊಂಡ್ರು. ಒಂದೇ ವರ್ಷದಲ್ಲಿ ನಾಲ್ಕು ಸೆಟ್ಟು ಹೋಯ್ತು. ಇಪ್ಪತ್ತು ದಿನಾರ್! ಅವರು ಕೆಟ್ಟದಾಗಿ ಬಳಸಿದ್ದಲ್ಲ, ಆ ಸಾಮಾನು ಇಲ್ಲಿಯ ಉಪ್ಪಿಗೆ ಆಗುವುದೇ ಅಲ್ಲ. ನಮ್ಮ ಊರಿನ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಈ ಗಲ್ಫಿನಲ್ಲಿ ಸುಮಾರು 40. ಮಳೆ ಕಡಿಮೆ, ಬಿಸಿಲಿಗೆ ನೀರು ಆರುವುದು ಜಾಸ್ತಿ. ಅದರ ಮೇಲೆ ಧೂಳು. ಉಪ್ಪು ಮತ್ತು ಧೂಳು ಸೇರಿ ಗೇರಿನ ಒಳಗೆ ಹೋದರೆ ಅದು ಗ್ರೀಸಲ್ಲ, ಸ್ಯಾಂಡ್ ಪೇಪರು.

ಈಗ ರೀಲಿನ ವಿಷಯ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲು ತಿರುಗುವುದಿಲ್ಲ. ಅದರ ಸುತ್ತ ರೋಟರು ತಿರುಗಿ ತಂಗೂಸಿಯನ್ನು ಸುತ್ತುತ್ತದೆ. ಎಸೆಯುವಾಗ ಸ್ಪೂಲಿನ ತುದಿಯಿಂದ ತಂಗೂಸಿ ತಾನಾಗಿ ಬಿಚ್ಚಿಕೊಂಡು ಹೋಗ್ತದೆ. ಈ ನಮೂನೆಗೆ 1905ರಲ್ಲಿ ಪೇಟೆಂಟು ಪಡೆದವನು ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಅಂತ ಇಂಗ್ಲೆಂಡಿನ ಬ್ರಾಡ್‌ಫರ್ಡಿನವನು, ಉಣ್ಣೆ ಗಿರಣಿಯ ಮನುಷ್ಯ. ಗಿರಣಿಯಲ್ಲಿ ಉರುಳೆಯ ತುದಿಯಿಂದ ನೂಲು ಬಿಚ್ಚುವುದನ್ನು ನೋಡಿಯೇ ಅವನಿಗೆ ಇದು ಹೊಳೆದದ್ದು ಅಂತಾರೆ. ಕೆಲಸದವನ ಕಣ್ಣಿಗೆ ಇಂಥದ್ದು ಬೇಗ ಬೀಳ್ತದೆ ಅನ್ನಿಸ್ತದೆ ನನಗೆ.

ಅಂಗಡಿಗೆ ಹೋದ ಕೂಡಲೇ ಅವರು ತೋರಿಸುವುದು ಡಬ್ಬಿಯ ಮೇಲಿನ ನಂಬರು. "ಹನ್ನೆರಡು ಬೇರಿಂಗು, ಭಾಯಿ!" ಅದಕ್ಕೆ ಮರುಳಾಗಬೇಡಿ. ನಮ್ಮ ಸೀಲಿಂಗ್ ಫ್ಯಾನಿನಲ್ಲಿ ಎರಡೇ ಬೇರಿಂಗು, ಅದು ಹತ್ತು ಹದಿನೈದು ವರ್ಷ ಓಡುವುದಿಲ್ಲವಾ? ಹತ್ತು ದಿನಾರಿನ ರೀಲಿನೊಳಗೆ ಹನ್ನೆರಡು ಬೇರಿಂಗು ಹಾಕಬೇಕಾದರೆ ಒಂದೊಂದರ ಬೆಲೆ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ. ಉಪ್ಪು ನೀರಿನಲ್ಲಿ ಅಗ್ಗದ ಬೇರಿಂಗು ಹನ್ನೆರಡು ಇದ್ದರೆ, ತುಕ್ಕು ಹಿಡಿಯುವ ಜಾಗ ಹನ್ನೆರಡು. ಮೂರು ನಾಲ್ಕು ಒಳ್ಳೆಯದಿದ್ದರೆ ನಮಗೆ ಧಾರಾಳ.

ನಾನು ನೋಡುವುದು ಮೂರು ಜಾಗ. ಮೊದಲು ಡ್ರ್ಯಾಗ್. ಇದನ್ನು ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ರೀಲಿನ ಬ್ರೇಕರ್. ವೈರು ಸುಡುವ ಮುಂಚೆ ಬ್ರೇಕರ್ ಬೀಳಬೇಕು, ತಂಗೂಸಿ ತುಂಡಾಗುವ ಮುಂಚೆ ಡ್ರ್ಯಾಗ್ ಜಾರಿ ತಂಗೂಸಿ ಬಿಡಬೇಕು. ಡಬ್ಬಿಯಲ್ಲಿ "8 ಕಿಲೋ ಡ್ರ್ಯಾಗ್" ಅಂತ ಬರೆದಿರ್ತಾರೆ. ನಮಗೆ ಎಂಟು ಕಿಲೋ ಬೇಡವೇ ಬೇಡ, ಎರಡು ಎರಡೂವರೆ ಕಿಲೋದಲ್ಲಿ ನುಣ್ಣಗೆ ಜಾರಬೇಕು, ಅಷ್ಟೇ. ಮೋಟರು ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೀತದೆ ಅಂತ ನಮ್ಮವರಿಗೆ ಗೊತ್ತು. ಕೆಟ್ಟ ಡ್ರ್ಯಾಗೂ ಹಾಗೇ: ಮೊದಲು ಅಂಟಿಕೊಂಡಿರ್ತದೆ, ಆಮೇಲೆ ಥಟ್ಟನೆ ಬಿಡ್ತದೆ. ತಂಗೂಸಿ ಹೋಗುವುದು ಆ ಮೊದಲ ಎಳೆತಕ್ಕೇ. ಅಂಗಡಿಯಲ್ಲಿ ಮುಂದಿನ ಗುಂಡಿ ಸ್ವಲ್ಪ ಬಿಗಿ ಮಾಡಿ, ಸ್ಪೂಲನ್ನು ಬೆರಳಲ್ಲಿ ನಿಧಾನ ತಿರುಗಿಸಿ. ಜರ್ಕ್ ಹೊಡೆದರೆ ಅಲ್ಲೇ ಇಟ್ಟು ಬನ್ನಿ. ಡ್ರ್ಯಾಗಿನ ಗುಂಡಿ ಹಿಂದೆ ಇರುವ ರೀಲೂ ಬರ್ತದೆ, ಆದರೆ ಮುಂದೆ ಇರುವುದರಲ್ಲಿ ವಾಷರು ದೊಡ್ಡದು, ನನಗೆ ಅದೇ ಆಗ್ತದೆ.

ಎರಡನೆಯದು ಹ್ಯಾಂಡಲು. ಒಂದು ಕೈಯಲ್ಲಿ ರೋಟರು ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ. ಒಂದು ಕೂದಲಷ್ಟೂ ಹಿಂದೆ ಹೋಗಬಾರದು. ಒಳಗೆ ಒಂದೇ ದಿಕ್ಕಿಗೆ ತಿರುಗುವ ಬೇರಿಂಗು ಉಂಟು, ಅದು ಸಡಿಲ ಇದ್ದರೆ ದೊಡ್ಡ ಮೀನು ಎಳೆದಾಗ ಪೂರ್ತಿ ಹೊಡೆತ ಗೇರಿನ ಹಲ್ಲಿಗೆ ಬೀಳ್ತದೆ. ಹಾಗೇ ಹ್ಯಾಂಡಲನ್ನು ಆಚೀಚೆ ಅಲ್ಲಾಡಿಸಿ. ಮಡಚುವ ಹ್ಯಾಂಡಲು ಅಗ್ಗದ ರೀಲಿನಲ್ಲಿ ಬೇಗ ಲಡಕಾಸಿ ಆಗ್ತದೆ. ಗೇರಿಗೆ ನೇರ ಸ್ಕ್ರೂ ಆಗಿ ಕೂರುವುದು ಸಿಕ್ಕಿದರೆ ಒಂದು ದಿನಾರು ಜಾಸ್ತಿ ಕೊಟ್ಟರೂ ಬೇಜಾರಿಲ್ಲ.

ಮೂರನೆಯದನ್ನು ಯಾರೂ ನೋಡುವುದೇ ಇಲ್ಲ. ಬೇಲ್ ಅಂತೇವಲ್ಲ, ತೆಗೆದು ಮುಚ್ಚುವ ತಂತಿ, ಅದರ ಬುಡದಲ್ಲಿ ಸಣ್ಣ ರೋಲರು ಇರ್ತದೆ. ಕಡಲೆಕಾಳಿನಷ್ಟು. ತಂಗೂಸಿ ಅದರ ಮೇಲೆ ಹಾದು ಸ್ಪೂಲಿಗೆ ಬರಬೇಕು. ಉಪ್ಪು ಕಟ್ಟಿ ಅದು ತಿರುಗುವುದು ನಿಂತರೆ ತಂಗೂಸಿ ಉಜ್ಜಿ ಉಜ್ಜಿ ಸವೀತದೆ, ಆಮೇಲೆ ನೀವು ತಂಗೂಸಿ ಕಂಪನಿಗೆ ಬೈತೀರಿ. ಒಂದು ತುಂಡು ದಾರ ರೋಲರಿನ ಮೇಲೆ ಹಾಕಿ ಎಳೆದು ನೋಡಿ, ಅದು ತಿರುಗಲೇಬೇಕು. ಸ್ಪೂಲಿನ ಅಂಚಿನ ಮೇಲೆ ಉಗುರು ಓಡಿಸಿ, ಎಲ್ಲೂ ತೊಡರಬಾರದು. ಇಷ್ಟು ಪರೀಕ್ಷೆಗೆ ಐದು ನಿಮಿಷ ಸಾಕು. ಅಂಗಡಿಯವ ಮುಖ ಗಂಟಿಕ್ಕಿದರೆ ಇಕ್ಕಲಿ. ದುಡ್ಡು ನಮ್ಮದು.

ಸೈಜು ಕೇಳ್ತೀರಿ. ದಡದಿಂದ ಎಂಟು ಒಂಬತ್ತು ಅಡಿ ರಾಡಿಗೆ 4000 ನಂಬರಿನದು ಸರಿ. ನುವೈಬಿ, ಶೀಮ್, ಅದೃಷ್ಟ ಇದ್ದರೆ ಸಣ್ಣ ಹಮೂರು, ಎಲ್ಲಕ್ಕೂ ಆಗ್ತದೆ. ನುವೈಬಿ ಅಂದ್ರೆ ನಮ್ಮ ಕೊಡ್ಡಾಯಿಯ ಜಾತಿ, ಹಮೂರು ನಮ್ಮ ಮುರು. ಬರೀ ಹಾಸೂಮ್, ಅಂದರೆ ನಮ್ಮ ಕಾಣೆಯಂಥದ್ದು ಹಿಡಿಯುವವರಿಗೆ 2500 ಸಾಕು. ಆದರೆ ಈ ನಂಬರು ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಹಾಗಾಗಿ ಸ್ಪೂಲಿನ ಮೇಲೆ ಬರೆದದ್ದನ್ನು ಓದಿ. 0.35 ಮಿ.ಮೀ. ತಂಗೂಸಿ 150 ಮೀಟರಾದರೂ ಹಿಡಿಯಬೇಕು. ಗೇರು 5ಕ್ಕೆ 1 ಆಸುಪಾಸು ಇದ್ದರೆ ಒಂದು ಸುತ್ತಿಗೆ ಸುಮಾರು 70 ಸೆಂಟಿಮೀಟರು ಬರ್ತದೆ, ಸಾಕು.

ಹೆಸರು ಹೇಳಿ ಅಂತ ಒತ್ತಾಯ ಮಾಡ್ತೀರಿ, ಗೊತ್ತು. ಶಿಮಾನೋದಲ್ಲಿ ಎಫ್‌ಎಕ್ಸ್, ಸಿಯೆನ್ನಾ, ಡೈವಾದಲ್ಲಿ ಕ್ರಾಸ್‌ಫೈರ್, ಪೆನ್ನಿನಲ್ಲಿ ಪರ್ಸೂಟ್. ಇವು ಆ ಕಂಪನಿಗಳ ಕೆಳಗಿನ ಮೆಟ್ಟಿಲಿನವು, ನಮ್ಮ ಜೇಬಿಗೆ ಹತ್ತಿರದವು. ಶಿಮಾನೋ ಅಂದ್ರೆ ಗೇರ್ ಸೈಕಲ್ಲಿನ ಮೇಲೆ ಕಾಣ್ತದಲ್ಲ, ಅದೇ. 1921ರಲ್ಲಿ ಜಪಾನಿನ ಸಕಾಯಿಯಲ್ಲಿ ಸೈಕಲ್ಲಿನ ಫ್ರೀವೀಲು ಮಾಡಿ ಶುರು ಮಾಡಿದವರು. ಹೆಸರಿನ ನಕಲೂ ಬರ್ತದೆ. ಅದಕ್ಕೇ ಹೆಸರು ನೋಡಿದ ಮೇಲೂ ಆ ಮೂರು ಜಾಗ ನೋಡಬೇಕು. ಅಲ್ ರೈಯ ಶುಕ್ರವಾರದ ಸಂತೆಯಲ್ಲಿ ಹಳೇದು ಸಿಕ್ಕಿದರೆ ಹೇಳುವುದೇ ಬೇಡ, ಹತ್ತು ಸಲ ತಿರುಗಿಸಿ, ಕಿವಿಗೆ ಹಿಡಿದು ಕೇಳಿ. ಕರಕರ ಅಂದರೆ ಒಳಗೆ ಮರಳು.

ತಂದ ಮೇಲೆ ತಂಗೂಸಿ ಸುತ್ತುವುದು. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರು ಬಿಟ್ಟು ತುಂಬಿಸಿ. ಕಡಿಮೆ ಆದರೆ ದೂರ ಹೋಗುವುದಿಲ್ಲ, ಜಾಸ್ತಿ ಆದರೆ ಗೋಜಲು. ಹೆಣೆದ ತಂಗೂಸಿ, ಬ್ರೇಯ್ಡ್ ಅಂತಾರಲ್ಲ, ಅದು ನುಣ್ಣಗಿನ ಸ್ಪೂಲಿನಲ್ಲಿ ಜಾರ್ತದೆ. ಅಡಿಯಲ್ಲಿ ಸ್ವಲ್ಪ ಮಾಮೂಲಿ ತಂಗೂಸಿ ಸುತ್ತಿ ಆಮೇಲೆ ಅದನ್ನು ಹಾಕಿ. ಇನ್ನು ಡ್ರ್ಯಾಗ್ ಸೆಟ್ ಮಾಡಲು ನಮ್ಮ ಎಲ್ಲರ ಹತ್ತಿರವೂ ಒಂದು ಸಾಧನ ಉಂಟು: ಊರಿಗೆ ಹೋಗುವಾಗ ಲಗೇಜು ತೂಗುವ ಕೊಕ್ಕೆ ತಕ್ಕಡಿ! ತಂಗೂಸಿಯ ತುದಿ ಅದಕ್ಕೆ ಕಟ್ಟಿ ಎಳೀರಿ. 8 ಕಿಲೋ ತಡೆಯುವ ತಂಗೂಸಿಯಾದರೆ 2ರಿಂದ 2.5 ಕಿಲೋಗೆ ಡ್ರ್ಯಾಗ್ ಬಿಡಬೇಕು. ಉಳಿದದ್ದು ಗಂಟಿನ ಲೆಕ್ಕಕ್ಕೆ, ಗಂಟು ಹಾಕಿದ ಜಾಗದಲ್ಲಿ ತಂಗೂಸಿಯ ಶಕ್ತಿ ಕಡಿಮೆ ಆಗ್ತದಲ್ಲ. ಮತ್ತೆ, ಮೀನು ಎಳೆದು ಡ್ರ್ಯಾಗ್ ಶಬ್ದ ಮಾಡುವಾಗ ಹ್ಯಾಂಡಲು ತಿರುಗಿಸಬೇಡಿ. ಮೀನು ಬರುವುದಿಲ್ಲ, ಒಂದೊಂದು ಸುತ್ತಿಗೆ ತಂಗೂಸಿಗೆ ಐದೈದು ಸಿಕ್ಕು ಬೀಳ್ತದೆ.

ರೀಲಿನ ಅರ್ಧ ಆಯುಷ್ಯ ಇರುವುದು ಬಾತ್‌ರೂಮಿನಲ್ಲಿ, ನಗಬೇಡಿ. ಮನೆಗೆ ಬಂದ ರಾತ್ರಿಯೇ ತೊಳೀಬೇಕು, ನಾಳೆ ಅನ್ನಬಾರದು. ಬಕೆಟಿನಲ್ಲಿ ಮುಳುಗಿಸಬೇಡಿ, ಪೈಪು ಹಿಡಿದು ಜೋರಾಗಿ ಹೊಡೀಬೇಡಿ. ಎರಡರಲ್ಲೂ ಉಪ್ಪು ಒಳಗೇ ಹೋಗ್ತದೆ. ಡ್ರ್ಯಾಗ್ ಬಿಗಿ ಮಾಡಿ, ಕೈಯಲ್ಲಿ ನೀರು ಚಿಮುಕಿಸಿದ ಹಾಗೆ ಮೇಲಿನಿಂದ ಬಿಡಿ. ಬೇಸಿಗೆಯ ನಲ್ಲಿ ನೀರು ಗೊತ್ತಲ್ಲ, ಟೀ ಮಾಡಬಹುದು. ಅದನ್ನು ಬೆಳಿಗ್ಗೆಯೇ ಹಿಡಿದಿಟ್ಟು ತಣಿದ ಮೇಲೆ ಬಳಸಿ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ, ಇಲ್ಲದಿದ್ದರೆ ಒಳಗಿನ ಬಟ್ಟೆ ವಾಷರು ಒತ್ತಿ ಗಟ್ಟಿಯಾಗ್ತದೆ. ರೋಲರಿಗೂ ಹ್ಯಾಂಡಲಿನ ಹಿಡಿಗೂ ಒಂದೊಂದು ಹನಿ ಎಣ್ಣೆ. ಹೊಲಿಗೆ ಮಿಷನ್ನಿನ ಎಣ್ಣೆಯೇ ಸಾಕು. ಸೈಟಿನಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಗೇರಿನೊಳಗೆ ಹೊಡೀಬೇಡಿ, ಇದ್ದ ಗ್ರೀಸೂ ತೊಳೆದುಹೋಗ್ತದೆ. ಕಾರಿನ ಡಿಕ್ಕಿಯಲ್ಲಿ ಜುಲೈ ತಿಂಗಳು ಬಿಟ್ಟಿಟ್ಟರೆ ತಂಗೂಸಿ ಮುಗೀತು.

ಇನ್ನೊಂದು ಮಾತು, ಇದು ರೀಲಿಗಿಂತ ದೊಡ್ಡದು. ಕುವೈತ್ ಕೊಲ್ಲಿಯಲ್ಲಿ ಮೀನು ಹಿಡಿಯುವುದು ನಿಷೇಧ. 2014ರ 42ನೇ ಪರಿಸರ ಕಾನೂನು. ಸಾಲ್ಮಿಯಾದ ರಾಸ್ ಅಲ್ ಅರ್ದ್ ತುದಿಯಿಂದ ಪಶ್ಚಿಮಕ್ಕೆ, ಕುವೈತ್ ಟವರ್ಸ್ ಎದುರು, ಶರ್ಕ್, ಶುವೈಖ್, ದೋಹಾ, ಜಾಬೆರ್ ಸೇತುವೆ ಕೆಳಗೆ, ಇದೆಲ್ಲ ಕೊಲ್ಲಿಯೇ. "ಎಲ್ಲರೂ ಹಿಡೀತಾರೆ" ಅನ್ನುವ ಮಾತು ಪೊಲೀಸರ ಎದುರು ಕೆಲಸಕ್ಕೆ ಬರುವುದಿಲ್ಲ. ನಮಗೆ ಕೇಸು ಅಂದ್ರೆ ಬರೀ ದಂಡ ಅಲ್ಲ, ಅಕಾಮಾದ ಚಿಂತೆ, ಊರಿನ ಮನೆಯ ಚಿಂತೆ. ಐದು ಹಾಸೂಮಿಗೆ ಅದು ಬೇಡ. ಫಿಂತಾಸ್, ಮಹಬೂಲಾ, ಮಂಗಾಫ್, ಫಹಾಹೀಲ್ ಕಡೆ ಕೊಲ್ಲಿಯ ಹೊರಗೆ. ಅಲ್ಲೂ ಬೋರ್ಡು ನೋಡಿ, ಕಾವಲಿನವರನ್ನು ಕೇಳಿ, ಸಿವಿಲ್ ಐಡಿ ಜೇಬಿನಲ್ಲಿ ಇಟ್ಟುಕೊಳ್ಳಿ.

ಎಲೆಕ್ಟ್ರಿಷಿಯನ್ ಆಗಿ ಒಂದು ಮಾತು ಹೇಳದಿದ್ದರೆ ತಪ್ಪಾಗ್ತದೆ. ಕಪ್ಪು ಗ್ರಾಫೈಟ್ ರಾಡು ಕರೆಂಟು ಹಾಯಿಸ್ತದೆ. ಮೇಲೆ ಲೈನು ಇದ್ದ ಕಡೆ ರಾಡು ಎತ್ತಿಕೊಂಡು ನಡೀಬೇಡಿ. ಗುಡುಗು ಕೇಳಿದರೆ ಕೆಳಗಿಟ್ಟು ದೂರ ಹೋಗಿ. ಈಜು ಬಾರದವರು ರಾತ್ರಿ ಪಾಚಿ ಹಿಡಿದ ಕಲ್ಲಿನ ಮೇಲೆ ಒಬ್ಬರೇ ನಿಲ್ಲಬೇಡಿ. ಮೀಸೆ ಇರುವ ಶೇಡೆ ಮೀನು ಬಂದರೆ ಕೈಯಲ್ಲಿ ಹಿಡೀಬೇಡಿ, ಮುಳ್ಳು ವಿಷ. ಪಕ್ಕಡಿನಲ್ಲಿ ಹಿಡಿದು ಗಾಳ ಬಿಡಿಸಿ.

ಇಷ್ಟೆಲ್ಲ ಮಾಡಿ ಸಿಗುವುದು ಎಷ್ಟು ಮೀನು ಅಂತ ಕೇಳಬೇಡಿ. ಜಮಿಯಾದಲ್ಲಿ ಕೊಂಡರೆ ಅಗ್ಗ. ಆದರೆ ನಮ್ಮ ರೂಮಿನಲ್ಲಿ ಒಬ್ಬರಿದ್ದಾರೆ, ಶನಿವಾರದಿಂದ ಗುರುವಾರದವರೆಗೆ ಡ್ಯೂಟಿ, ಊಟ, ಫೋನು, ನಿದ್ದೆ. ನಾಲ್ಕು ಮಾತು ಆಡುವವರಲ್ಲ. ಮಂಗಾಫಿನ ದಡದಲ್ಲಿ ಗಾಳ ಹಾಕಿ ಕೂತರೆ ಅವರು ಊರಿನ ಕೆರೆ, ಎಮ್ಮೆ, ತಂಗಿಯ ಮದುವೆ ಸಾಲ, ಎಲ್ಲ ತಾನಾಗಿ ಹೇಳ್ತಾರೆ. ಅವರ ರೀಲು ಕೆಟ್ಟ ಶುಕ್ರವಾರ ಅವರು ರೂಮಿನಲ್ಲೇ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಅದು ಬಿಚ್ಚಿ ನೋಡಿದರೆ ರೋಲರು ಉಪ್ಪು ಕಟ್ಟಿ ನಿಂತಿತ್ತು, ಅಷ್ಟೇ. ಹದಿನೈದು ನಿಮಿಷದ ಕೆಲಸ.

ಆ ಮೇಜಿನ ಮೇಲೆ ಒಂದು ಹಳೇ ರೀಲು ಬಿಚ್ಚಿ ಇಟ್ಟಿದ್ದೇನೆ, ಗೇರು, ವಾಷರು, ರೋಲರು ಎಲ್ಲ ಬೇರೆ ಬೇರೆ. ಊಟ ಆದ ಮೇಲೆ ಬಂದು ಕೈಯಲ್ಲಿ ಹಿಡಿದು ನೋಡಿ. ನಿಮ್ಮ ರೀಲು ತಂದಿದ್ದರೆ ಅದನ್ನೂ ತನ್ನಿ, ಸ್ಕ್ರೂಡ್ರೈವರು, ಎಣ್ಣೆ ನನ್ನ ಬ್ಯಾಗಿನಲ್ಲೇ ಉಂಟು. ಸ್ಕ್ರೂ ಮಾತ್ರ ಮರಳಿಗೆ ಬೀಳಿಸಬೇಡಿ ಮಾರಾಯ್ರೆ.