ಕೂಲರು, ಏಸಿ ಮತ್ತು ನಮ್ಮ ಕೋಣೆ
(ಕುಷಾಯಿಗೂಡದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹನ್ನೆರಡು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವನು. ಓದಿದ್ದು ಮಾಧ್ಯಮಿಕ ಶಾಲೆಯವರೆಗೆ ಮಾತ್ರ. ಶಾಖದ ಪಾಠ ಕಲಿಸಿದ್ದು ಒಲೆ.

ಏಸಿ ಯಂತ್ರ ಶಾಖವನ್ನು ಒಳಗಿನಿಂದ ಹೊರಕ್ಕೆ ಸಾಗಿಸುವ ಹಮಾಲಿ. ಕೊಳವೆಯೊಳಗಿನ ದ್ರವ ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡಿದಾಗ ಶಾಖ ಬೀದಿಗೆ ಹೋಗುತ್ತದೆ. ಇದನ್ನೇ ಹಿಂದುಮುಂದಾಗಿ ನಡೆಸಿದರೆ ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗುತ್ತದೆ.

ನಮ್ಮ ಕೈಗೆಟಕುವುದು ಕೂಲರು. ಅದರಲ್ಲಿ 1 ಲೀಟರು ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಎಳೆದುಕೊಳ್ಳುತ್ತದೆ. ಅಷ್ಟು ಶಾಖ 7 ಲೀಟರು ತಣ್ಣೀರನ್ನು ಕುದಿಗೆ ತರಲು ಸಾಕು! ಆದರೆ ಇದು ಏಪ್ರಿಲ್, ಮೇ ತಿಂಗಳ ಒಣಗಾಳಿಯ ಮಾತು. ಜುಲೈ ತಿಂಗಳ ತೇವದ ಗಾಳಿಗೆ ಬಾಯಾರಿಕೆಯಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದರೂ ಅದೇ ಗತಿ. ಆದ್ದರಿಂದ ಕೂಲರನ್ನು ಒಂದು ಕಿಟಕಿಗಿಟ್ಟು, ಎದುರಿನದನ್ನು ತೆರೆದಿಡಿ.

ಕಳೆದ ಬೇಸಿಗೆಯಲ್ಲಿ ತಗಡಿನ ಸೂರಿನ ಕೋಣೆಯೊಂದರಲ್ಲಿ ನಮ್ಮ ಜೊತೆಗಾರನೊಬ್ಬ, ಓಡುತ್ತಿದ್ದ ಕೂಲರಿಗೆ ನೀರು ತುಂಬಲು ಹೋಗಿ ಕರೆಂಟು ಹೊಡೆದು ಬಿದ್ದ. ಜೀವ ಉಳಿಯಿತು, ಮೂರು ತಿಂಗಳು ಬಲಗೈ ತಟ್ಟೆ ಹಿಡಿಯಲಿಲ್ಲ. ಆ ಕೋಣೆಗೆ ಅರ್ಥಿಂಗ್ ತಂತಿಯೇ ಇರಲಿಲ್ಲ. ಬಾಡಿಗೆ ಮಾತ್ರ ತಪ್ಪದೆ ವಸೂಲಾಗುತ್ತಿತ್ತು.

ಪ್ಲಗ್ಗು ಕಿತ್ತ ಮೇಲೆಯೇ ನೀರು ತುಂಬಿರಿ. ಇನ್ನು ಮನೆ ಮಾಲೀಕರನ್ನು ಒಬ್ಬೊಬ್ಬರೇ ಬೇಡದೆ ಒಟ್ಟಾಗಿ ಕೇಳೋಣ: ಅರ್ಥಿಂಗ್ ಬೇಕು, ಎದುರುಬದುರು ಕಿಟಕಿ ಬೇಕು, ಸೂರಿಗೆ ಬಿಳಿ ಬಣ್ಣ ಬೇಕು. ತಂಪು ಛಾವಣಿಯ ನೀತಿಯನ್ನು ತೆಲಂಗಾಣ ಸರ್ಕಾರವೇ 2023ರಲ್ಲಿ ಪ್ರಕಟಿಸಿದೆ. ಬಿಳಿಯ ಸೂರು ಬಿಸಿಲನ್ನು ಹಿಂದಕ್ಕಟ್ಟುತ್ತದೆ. ಒಳಗೆ ಬಾರದ ಶಾಖವನ್ನು ಹೊರಹಾಕಲು ಕರೆಂಟಿನ ಖರ್ಚಿಲ್ಲ.

ದಿನವಿಡೀ ದುಡಿದವನಿಗೆ ರಾತ್ರಿಯ ನಿದ್ದೆ ಭಿಕ್ಷೆಯಲ್ಲ, ಹಕ್ಕು.