ಯಾವ ಕಾಯಿಲೆಗೆ ಯಾವ ಸ್ಕ್ಯಾನ್?
(ಗ್ರಾಂಟ್ ರೋಡ್‌ನಲ್ಲಿ ಜರಗಿದ ವೈದ್ಯಕೀಯ ನೆರವು ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಈಗ ಸಂಘಕ್ಕೆ ಬರುವ ನೆರವಿನ ಅರ್ಜಿಗಳನ್ನು ನೋಡುತ್ತೇನೆ. "ಎಂಆರ್‌ಐಗೆ ಹಣ ಬೇಕು" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದುಬಾರಿ ಪರೀಕ್ಷೆಯೇ ಒಳ್ಳೆಯ ಪರೀಕ್ಷೆ ಎಂದು ನಾವು ನಂಬಿದ್ದೇವೆ. ಅದು ಸರಿಯಲ್ಲ.

ಇಲ್ಲಿನ ಹೋಟೆಲಿನಲ್ಲಿ ಕೆಲಸಕ್ಕಿರುವ ಕುಂದಾಪುರ ಕಡೆಯ ಹುಡುಗನೊಬ್ಬನಿಗೆ ಊಟವಾದ ಮೇಲೆ ಹೊಟ್ಟೆಯ ಬಲಭಾಗದಲ್ಲಿ ನೋವು. ಜೊತೆಯವರ ಮಾತು ಕೇಳಿ ಎಂಆರ್‌ಐಗೆ ಅರ್ಜಿ ತಂದಿದ್ದ. ಡಾಕ್ಟರ ಚೀಟಿ ಇರಲಿಲ್ಲ. ಮೊದಲು ಡಾಕ್ಟರ ಬಳಿಗೆ ಕಳುಹಿಸಿದೆವು. ಸೋನೋಗ್ರಫಿಯಲ್ಲೇ ಪಿತ್ತಕೋಶದ ಕಲ್ಲು ಕಂಡಿತು. ಉಳಿದ ಹಣ ಅವನ ಆಪರೇಷನ್ನಿಗೆ ಒದಗಿತು.

ಪ್ರತಿ ಯಂತ್ರಕ್ಕೂ ಅದರದೇ ಕೆಲಸವಿದೆ. ಮೂಳೆ ಮುರಿತಕ್ಕೆ, ಎದೆಯ ಕಫ-ಕ್ಷಯಕ್ಕೆ ಮೊದಲು ಎಕ್ಸ್‌ರೇ. ಪಿತ್ತಕೋಶಕ್ಕೆ, ಗರ್ಭಿಣಿಯರಿಗೆ ಸೋನೋಗ್ರಫಿ, ಅದರಲ್ಲಿ ವಿಕಿರಣವಿಲ್ಲ. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತಸ್ರಾವದ ಸಂಶಯವಿದ್ದರೆ ಸಿಟಿ ಸ್ಕ್ಯಾನ್. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅದರ ವಿಕಿರಣ ಎಕ್ಸ್‌ರೇಗಿಂತ ಬಹಳ ಹೆಚ್ಚು, ಸುಮ್ಮಸುಮ್ಮನೆ ಮಾಡಿಸಬಾರದು. ಬೆನ್ನುಹುರಿ, ಮಂಡಿಯ ಲಿಗಮೆಂಟ್, ಮೆದುಳಿನ ಗಡ್ಡೆ ಇಂಥವಕ್ಕೆ ಎಂಆರ್‌ಐ. ಅದು ದೊಡ್ಡ ಅಯಸ್ಕಾಂತ. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು. ಸಾಮಾನ್ಯ ಬೆನ್ನುನೋವು ಹಲವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಒಂದು ದಿನವೂ ಕಾಯಬಾರದು.

ಇನ್ನೊಂದು ಮಾತು ಹೇಳಲು ನನಗೆ ಕಷ್ಟ. ಒಂದು ಬೆಳಿಗ್ಗೆ ನನ್ನ ಅಣ್ಣನ ಬಾಯಿ ಸೊಟ್ಟಗಾಯಿತು, ಬಲಗೈ ಸೋತಿತು. ಅತ್ತಿಗೆ ಫೋನ್ ಮಾಡಿದರು. ಇಡೀ ಜೀವನ ಇದೇ ಕೆಲಸ ಮಾಡಿದ ನಾನು, ಸಿಟಿ ಸ್ಕ್ಯಾನ್ ಎಲ್ಲಿ ಅಗ್ಗ ಎಂದು ವಿಚಾರಿಸುತ್ತ ಕುಳಿತೆ. ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಮೆದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿಟಿಯಲ್ಲಿ ನೋಡಬೇಕು. ನಮ್ಮ ಹೊತ್ತು ಮೀರಿತ್ತು. ಅಣ್ಣ ಇಂದಿಗೂ ಎಡಗೈಯಲ್ಲೇ ಉಣ್ಣುತ್ತಾನೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಸದಸ್ಯರೇ, ಅರ್ಜಿಯ ಜೊತೆ ಡಾಕ್ಟರ ಚೀಟಿ, ಹಳೆಯ ಫಿಲ್ಮ್, ರಿಪೋರ್ಟ್ ತನ್ನಿ. "ಈ ಪರೀಕ್ಷೆಯಿಂದ ಏನು ತಿಳಿಯಬೇಕು? ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ಡಾಕ್ಟರನ್ನು ಕೇಳಿ. ಆದರೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅರ್ಜಿಯ ಯೋಚನೆ ಬೇಡ. 108ಕ್ಕೆ ಕರೆ ಮಾಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ನಾಯರ್, ಜೆ.ಜೆ. ಎರಡೂ ಗ್ರಾಂಟ್ ರೋಡ್‌ಗೆ ಹತ್ತಿರವೇ ಇವೆ.

ದಾನಿಗಳೇ, ಹಣದ ಚಿಂತೆಯಲ್ಲಿ ಯಾರೂ ನನ್ನಂತೆ ಹೊತ್ತು ಕಳೆಯಬಾರದು. ಅದಕ್ಕಾಗಿ ಈ ನಿಧಿ ಬೇಕು. ನೀವು ಕೊಡುವ ಪ್ರತಿ ರೂಪಾಯಿ ಸರಿಯಾದ ಪರೀಕ್ಷೆಗೆ, ಸರಿಯಾದ ಹೊತ್ತಿಗೆ ಸಲ್ಲುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.