ಸೈನಿಕನ ನೆಮ್ಮದಿಯಲ್ಲಿ ಊರಿನ ಪಾಲು



ಹಾಸನ ಜಿಲ್ಲೆಯ ಬೆಳಗೋಡಿನ ಕಡೆ ಬೆಳಗಿನ ಹೊತ್ತಿಗೆ ತೋಟದ ಕೆಲಸಕ್ಕೆ ಆಳುಗಳು ಹೊರಟಿರುತ್ತಾರೆ. ಆದರೆ ಇದೇ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್ ಅವರ ಕೆಲಸ ಸಿಯಾಚಿನ್‌ನಲ್ಲಿತ್ತು. 2016ರ ಫೆಬ್ರವರಿಯಲ್ಲಿ ಅಲ್ಲೇ ಹಿಮಕುಸಿತದಲ್ಲಿ ತೀರಿಕೊಂಡರು. ಅವರಿದ್ದ ಸೋನಂ ಠಾಣೆಯ ಎತ್ತರ ಸುಮಾರು 19,600 ಅಡಿ. ಅಲ್ಲಿ ಉಸಿರಾಡುವುದೇ ಒಂದು ದುಡಿಮೆ. ಅಂಥ ಕಡೆ ಮನುಷ್ಯ ನಿಲ್ಲುವುದು ಬರೀ ಸಂಬಳಕ್ಕಾಗಿಯೇ? ನನಗೆ ಹಾಗನ್ನಿಸುವುದಿಲ್ಲ. ಪಕ್ಕದಲ್ಲಿ ನಿಂತವನ ಮೇಲಿನ ನಂಬಿಕೆ, ಕಷ್ಟ ಅರಿತ ಮೇಲಧಿಕಾರಿ, ಮನೆಯವರು ಕ್ಷೇಮವೆಂಬ ಸುದ್ದಿ ಇದ್ದರೆ ಹಿಮವನ್ನೂ ತಡೆದುಕೊಳ್ಳಬಹುದು. ರಜೆ ಸಿಗದೆ, ಊರಿನ ಜಮೀನಿನ ತಕರಾರು ಬಗೆಹರಿಯದೆ ಹೋದರೆ ಸುಖದ ಪೋಸ್ಟಿಂಗ್‌ನಲ್ಲೂ ಮನಸ್ಸು ಕುದಿಯುತ್ತದೆ.

ಸೇನೆ ಬಿಟ್ಟ ಮೇಲಿನ ಬದುಕಿನ ಚಿಂತೆಯೂ ಸೈನಿಕನಿಗೆ ಇರುತ್ತದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡವರು. ಸುಮಾರು 8 ವರ್ಷದ ಸೇವೆಯ ನಂತರ ಸೇನೆ ಬಿಟ್ಟು ಜಾವಗಲ್ ಬಳಿ ಬೇಸಾಯಕ್ಕಿಳಿದರು. ವಿಮಾನ ಕಂಪನಿ ಕಟ್ಟಿದ್ದು ಆಮೇಲೆ. ಅವರಿಗೆ ಎರಡನೆಯ ಬದುಕು ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ. ಬಹಳಷ್ಟು ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಂತೂ ಸೇವೆ 4 ವರ್ಷ. ಆಮೇಲೆ ಸೇನೆಯಲ್ಲಿ ಉಳಿಸಿಕೊಳ್ಳುವುದು ನೂರಕ್ಕೆ 25 ಮಂದಿಯವರೆಗೆ. ಮಿಕ್ಕವರು ಮರಳುವುದು ನಮ್ಮ ನಡುವಿಗೇ.

ಹಾಗಾಗಿ ಅವರ ನೆಮ್ಮದಿಯಲ್ಲಿ ನಮ್ಮ ಪಾಲೂ ಇದೆ. ನಿಮ್ಮೂರಿನ ಸೈನಿಕರ ಮನೆಯ ಖಾತೆ, ಪೋಡಿ, ಸರ್ವೆ ಕೆಲಸ ಕಚೇರಿಯಲ್ಲಿ ಬಾಕಿ ಬಿದ್ದಿದ್ದರೆ, ಬಲ್ಲವರು ಇವತ್ತೇ ಜೊತೆಗೆ ಹೋಗಿ ಮಾಡಿಸಿಕೊಡಿ.